ಎರೆ ಹೊಲದಲ್ಲಿ ನಿಂತ ವಿಮಾನ

ನಮ್ಮವರು ಬಾಗಲಕೋಟೆಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಆ ಕೆಲಸ ಬಿಟ್ಟು ವಿಮಾನ ಕಂಪನಿಯ ಏಜೆಂಟರಾದರು ಎಂಬ ಸುದ್ದಿ ನನಗೆ ತಿಳಿದದ್ದು ಅತ್ತೆಯವರಿಂದ. ಅತ್ತೆಯವರಿಗೆ ತಿಳಿದದ್ದು ಹಾಲು ಹಾಕುವವಳಿಂದ. ಅವರು ಮನೆಗೆ ಬಂದು ಕೋಟು ತೆಗೆದು ಗೂಟಕ್ಕೆ ಹಾಕುವವರೆಗೆ ನಾವಿಬ್ಬರೂ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆವು. ಅತ್ತೆ ಒಂದೇ ಮಾತು ಕೇಳಿದರು, ಪೆನ್ಶನ್ ಇದೆಯೋ ಇಲ್ಲವೋ ಎಂದು. ಇಲ್ಲ ಎಂದರು ಇವರು. ಆಮೇಲೆ ಬಹಳ ದಿನ ಅತ್ತೆ ಮಗನ ಜೊತೆ ನೇರವಾಗಿ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೂ ನನ್ನ ಮುಖ ನೋಡಿ ಕರೆಯುತ್ತಿದ್ದರು.

ಅದು ಐವತ್ತರ ದಶಕ. ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದ ಕೈಯಲ್ಲಿತ್ತು. ಆ ಕಂಪನಿಯ ಮಾಲೀಕರು ಬೆಳಗಾವಿಯವರು. ಯುದ್ಧದ ಕಾಲಕ್ಕೆ ಮಿಲಿಟರಿಗೆ ಕಾಯಿಪಲ್ಯ, ಕುರಿ ಒದಗಿಸುವ ಗುತ್ತಿಗೆ ಹಿಡಿದು ಮುಂದೆ ಬಂದವರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಸಣ್ಣ ವಿಮಾನಗಳಲ್ಲಿ ಮೂರನ್ನು ಕೊಂಡು ಕಂಪನಿ ಕಟ್ಟಿದ್ದರು. ಮೊದಮೊದಲು ಬೆಳಗಾವಿಯಿಂದ ಪುಣೆ, ಮುಂಬೈಗೆ ಜನರನ್ನೂ ಸಾಮಾನನ್ನೂ ಒಯ್ಯುತ್ತಿದ್ದರಂತೆ. ಸರಕಾರ ದೊಡ್ಡ ಕಂಪನಿಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. ಇಂಥ ದಿನ ಇಂಥ ಹೊತ್ತಿಗೆ ಹೊರಡುತ್ತೇವೆ ಎಂದು ಹೇಳಿ ಹಾರುವ ಹಕ್ಕು ಆಮೇಲೆ ಸಣ್ಣವರಿಗೆ ಉಳಿಯಲಿಲ್ಲ. ಯಾರಾದರೂ ಬಾಡಿಗೆಗೆ ಕರೆದರೆ ಹೋಗಬೇಕು, ಇಲ್ಲವಾದರೆ ಸಾಮಾನು ಹೊರಬೇಕು. ನಿಲ್ದಾಣದ ಮುಂದೆ ಟಾಂಗಾದವನು ನಿಂತ ಹಾಗೆ ಎಂದು ನಮ್ಮವರು ನನಗೆ ತಿಳಿಸಿ ಹೇಳಿದ್ದರು.

ಆ ಮಾಲೀಕರು ಒಮ್ಮೆ ಶಾಲೆಯ ಬಹುಮಾನದ ಸಮಾರಂಭಕ್ಕೆ ಬಂದಾಗ ನಮ್ಮವರು ಗೋಡೆಯ ಮೇಲೆ ಬರೆದ ಜಿಲ್ಲೆಯ ನಕಾಶೆ ನೋಡಿದರು. ಇಳಕಲ್ಲು, ಗುಳೇದಗುಡ್ಡ, ಬಾಗಲಕೋಟೆ ಮೂರರ ಮೇಲೂ ಬೆರಳಿಟ್ಟು, ಮದುವೆ ಸುಗ್ಗಿಯಲ್ಲಿ ಇಲ್ಲಿಯ ಸೀರೆ, ಕುಪ್ಪಸದ ಖಣ ಪುಣೆ ಮುಟ್ಟಲು ಎಷ್ಟು ದಿನ ಬೇಕೆಂದು ಕೇಳಿದರು. ಬಸ್ಸು, ರೈಲು, ಮತ್ತೆ ರೈಲು, ನಡುವೆ ಗೋದಾಮು. ವಾರದ ಮೇಲೆಯೇ ಎಂದರು ಇವರು. ಹತ್ತಿರದಲ್ಲಿ ಸಪಾಟು ನೆಲ ಎಲ್ಲಿದೆ ಎಂದು ಅವರು ಕೇಳಿದರು. ಊರ ಹೊರಗಿನ ಗೌಡರ ಹೊಲವನ್ನು ಇವರು ತೋರಿಸಿದರು. ಹಾಗೆ ತೋರಿಸಿದವರನ್ನೇ ಅವರು ಏಜೆಂಟರನ್ನಾಗಿ ಮಾಡಿಕೊಂಡರು.

ಆ ಹೊಲ ಎರೆಯದು. ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಅಂಟು. ಅದನ್ನು ನಮ್ಮವರು ಮೊದಲೇ ಹೇಳಿದ್ದರು. ಆಗಲಿ, ಜೋಳ ಕೊಯ್ದ ಮೇಲೆ ಶುರು ಮಾಡೋಣ, ಮಳೆ ಬಿದ್ದೊಡನೆ ನಿಲ್ಲಿಸೋಣ, ನಮಗೆ ಬೇಕಾದದ್ದು ಮದುವೆಯ ತಿಂಗಳುಗಳು ಮಾತ್ರ ಎಂದು ಮಾಲೀಕರು ಒಪ್ಪಿಕೊಂಡರು. ಗೌಡರು ಆಳುಗಳನ್ನು ಹಚ್ಚಿ ಜೋಳದ ಕೂಳೆ ಕೀಳಿಸಿದರು, ಬಿರುಕುಗಳಿಗೆ ಮಣ್ಣು ತುಂಬಿಸಿದರು, ರಸ್ತೆಗೆ ಹಾಕುವ ಕಲ್ಲಿನ ಉರುಳನ್ನು ಎತ್ತುಗಳಿಂದ ಎಳೆಸಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೇಲಿನಿಂದ ತಿಳಿಯಲು ಕಂಬಕ್ಕೆ ಒಂದು ಬಟ್ಟೆಯ ಚೀಲ ಕಟ್ಟಬೇಕಾಗಿತ್ತು. ಕಂಪನಿ ಅದನ್ನು ಕಳಿಸಲಿಲ್ಲ. ನನ್ನ ಹಳೆಯ ಇಳಕಲ್ಲ ಸೀರೆಯ ಕೆಂಪು ಸೆರಗನ್ನೇ ಹೊಲಿದುಕೊಟ್ಟೆ. ಮನೆಯ ಹೆಂಗಸಿನ ಸೆರಗು ಕಂಬದ ಮೇಲೆ ಹಾರುವುದು ಅತ್ತೆಯವರಿಗೆ ಸರಿಬರಲಿಲ್ಲ. ಅವರು ಆ ದಾರಿಯಲ್ಲಿ ಗುಡಿಗೆ ಹೋಗುವುದನ್ನೇ ಬಿಟ್ಟರು.

ವಿಮಾನ ಮೊದಲ ಸಲ ಬಂದಾಗ ಊರಿಗೆ ಊರೇ ಅಲ್ಲಿತ್ತು. ನಾನು ದೊಡ್ಡದೊಂದು ಕಬ್ಬಿಣದ ಹಕ್ಕಿಯನ್ನು ಕಲ್ಪಿಸಿಕೊಂಡಿದ್ದೆ. ಬಂದದ್ದು ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳ, ಎರಡು ಎಂಜಿನ್ನುಗಳ, ತೆಳ್ಳಗಿನ ಬೆಳ್ಳನೆಯ ಯಂತ್ರ. ಇಳಕಲ್ಲಿನಿಂದ ಸೀರೆ ಗಂಟು ತಂದಿದ್ದ ನೇಕಾರರೊಬ್ಬರು ಕೆಳಗಿನ ರೆಕ್ಕೆಯ ಮೇಲೆ ಅಂಗೈ ಆಡಿಸಿ, “ಇದು ಬಟ್ಟಿ ಐತಲ್ರಿ,” ಎಂದು ನಮ್ಮವರ ಮುಖ ನೋಡಿದರು. ಹೌದು, ಕಟ್ಟಿಗೆಯ ಹಂದರಕ್ಕೆ ಬಟ್ಟೆ ಬಿಗಿದು ಬಣ್ಣ ಬಳಿದದ್ದು ಎಂದರು ಇವರು. ನೇಕಾರರು ತಮ್ಮ ಗಂಟನ್ನು ಬಹಳ ಮೆಲ್ಲಗೆ ಒಳಗೆ ಇಟ್ಟರು.

ಎರಡು ಬೇಸಿಗೆ ನಮ್ಮ ಮನೆಯ ದಿನಚರಿಯೇ ಆ ವಿಮಾನದ ಮೇಲೆ ನಡೆಯಿತು. ವಿಮಾನ ಬರುವ ಮೊದಲು ಬೆಳಗಾವಿಯಿಂದ ತಾರು, ಅಂದರೆ ತಂತಿ, ಬರುತ್ತಿತ್ತು. ಇವರು ಸೈಕಲ್ ಹತ್ತಿ ಹೊಲಕ್ಕೆ ಹೋಗಿ ದನ ಓಡಿಸಿ, ಮೇಲಿನಿಂದ ಜಾಗ ಗುರುತು ಸಿಗಲೆಂದು ಹಸಿ ಹುಲ್ಲಿಗೆ ಬೆಂಕಿ ಇಟ್ಟು ಹೊಗೆ ಎಬ್ಬಿಸುತ್ತಿದ್ದರು. ಇಳಕಲ್ಲಿನ ಗಂಟುಗಳು ಹುನಗುಂದ, ಅಮೀನಗಡದ ಮೇಲೆ ಹಾದು ಬಸ್ಸಿನ ತಲೆಯ ಮೇಲೆ ಬರುತ್ತಿದ್ದವು. ಅಮೀನಗಡದಲ್ಲಿ ಅವುಗಳ ಜೊತೆ ಕರದಂಟಿನ ಡಬ್ಬಿಗಳೂ ಸೇರುತ್ತಿದ್ದವು. ನಮ್ಮ ಪಡಸಾಲೆಯಲ್ಲಿ ಅರಳೆ ತೂಗುವ ತಕ್ಕಡಿ ಕಟ್ಟಿ ಎಲ್ಲವನ್ನೂ ತೂಗುತ್ತಿದ್ದರು. ಬರುವಾಗ ವಿಮಾನ ರೇಷ್ಮೆ ನೂಲು, ಬಣ್ಣ, ಔಷಧದ ಪೆಟ್ಟಿಗೆ ತರುತ್ತಿತ್ತು. ಒಮ್ಮೆ ಸಿನೆಮಾದ ರೀಲು ತಂದಿತ್ತು, ಒಮ್ಮೆ ಬುಟ್ಟಿ ತುಂಬ ಕೋಳಿಮರಿ. ಊರಿನ ಅಡತಿ ವ್ಯಾಪಾರಿಯೊಬ್ಬರು ತಮ್ಮ ಮುದಿ ತಾಯಿಗೆ ಮಹಾಕೂಟವನ್ನು ಮೇಲಿನಿಂದ ತೋರಿಸಬೇಕೆಂದು ಬಾಡಿಗೆಗೆ ತೆಗೆದುಕೊಂಡರು. ಆ ಅಜ್ಜಿ ಹತ್ತಿದಾಗ ಮುಚ್ಚಿದ ಕಣ್ಣನ್ನು ಇಳಿದ ಮೇಲೆಯೇ ತೆರೆದು, ಇನ್ನೂ ಯಾಕೆ ಹೊರಟಿಲ್ಲ ಎಂದು ಕೇಳಿದ್ದರು.

ನಮ್ಮ ಹೊಲಕ್ಕೆ ಬರುತ್ತಿದ್ದ ಪೈಲಟ್ ಯಾವಾಗಲೂ ಒಬ್ಬರೇ. ಸಿಂಧದ ಕಡೆಯವರು. ಯುದ್ಧದಲ್ಲಿ ಬರ್ಮಾದ ಕಾಡಿನ ಮೇಲೆ ಹಾರಿದ್ದವರು. ದೇಶ ಒಡೆದಾಗ ಅವರ ಊರು ಆಚೆಗೆ ಉಳಿಯಿತು. ತಾಯಿ, ತಂಗಿಯರು ಮುಂಬೈ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿದ್ದರು. ನಮ್ಮವರು ಅವರ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಮ್ಮ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ‘ಸಾಕು’, ‘ಇನ್ನೊಂದು’ ಎಂಬ ಎರಡೇ ಮಾತು. ಎರಡೂ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುವಾಗ ಕಲಿತದ್ದು. ಅತ್ತೆಯವರ ಮಡಿಗಾಗಿ ಅವರಿಗೆ ಹೊರಗಿನ ಕಟ್ಟೆಯ ಮೇಲೆ ಬಡಿಸುತ್ತಿದ್ದೆ. ಅವರು ಅದಕ್ಕೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಉಂಡ ಎಲೆಯನ್ನು ತಾವೇ ಎತ್ತಿ ಒಯ್ಯುತ್ತಿದ್ದರು.

ನನ್ನ ಅಣ್ಣ ಹುನಗುಂದದ ಕೋರ್ಟಿನಲ್ಲಿ ಕಾರಕೂನನಾಗಿದ್ದ. ನನಗಿಂತ ದೊಡ್ಡವನು, ನಗಿಸುವ ಮನುಷ್ಯ. ಕೆಲಸದ ಮೇಲೆ ಬಾಗಲಕೋಟೆಗೆ ಬಂದಾಗಲೆಲ್ಲ ನಮ್ಮವರ ಜೊತೆ ಹೊಲಕ್ಕೆ ಹೋಗಿ ಬರುತ್ತಿದ್ದ. ಎರಡನೆಯ ಬೇಸಿಗೆಯಲ್ಲಿ ಗಂಟುಗಳು ಕಡಿಮೆಯಾಗತೊಡಗಿದ್ದವು. ಇಳಕಲ್ಲಿನಿಂದ ನೇರ ಕೊಲ್ಲಾಪುರ, ಪುಣೆಗೆ ಹೋಗುವ ಲಾರಿಗಳು ಶುರುವಾಗಿದ್ದವು. ಒಂದು ದಿನ ಅಣ್ಣ ಊಟ ಮಾಡುತ್ತ ನಮ್ಮವರಿಗೆ, “ಮಾಸ್ತರ, ಸೀರಿಗೆ ಏನ್ರಿ ಅವಸರ? ಹಾಲಲ್ಲ, ಹಣ್ಣಲ್ಲ, ಕೆಡೂದಿಲ್ಲ. ನಿಮ್ಮ ಇಮಾನಕ್ಕ ಅವಸರ ಇದ್ದವರನ್ನ ಹುಡುಕ್ರಿ,” ಎಂದ. ನಮ್ಮವರು ನಕ್ಕರು. ಆದರೆ ಆ ಮಾತು ಅವರಿಗೂ ಹೊಳೆದಿರಬೇಕು. ಏಕೆಂದರೆ ಆ ವಾರವೇ ಅವರು ಬೆಳಗಾವಿಗೆ ಬರೆದು, ಬೇನೆ ಬಿದ್ದವರನ್ನು ದೊಡ್ಡ ದವಾಖಾನೆಗೆ ಮುಟ್ಟಿಸುವ ಕೆಲಸಕ್ಕೂ ವಿಮಾನ ಕೊಡಬಹುದೇ ಎಂದು ಕೇಳಿದ್ದರು. ಕೊಡಬಹುದು ಎಂದು ಉತ್ತರ ಬಂದಿತ್ತು.

ಆ ಬೇಸಿಗೆಯ ಕೊನೆಗೆ ಭರಣಿ ಮಳೆ ಬಂತು. ವಿಮಾನ ಅಂದು ಮಧ್ಯಾಹ್ನ ನೂಲು ಇಳಿಸಿ ಹೊಲದಲ್ಲೇ ನಿಂತಿತ್ತು. ಸೀರೆ ಗಂಟುಗಳನ್ನು ಆಗಲೇ ತುಂಬಿದ್ದರು, ಮರುದಿನ ಬೆಳಿಗ್ಗೆ ಹೊರಡಬೇಕಾಗಿತ್ತು. ಇಳಿಹೊತ್ತಿಗೆ ಪಡುವಣದಲ್ಲಿ ಕಪ್ಪು ಕಟ್ಟಿತು. ಅರಳೆಯಂಥ ಆಲಿಕಲ್ಲು ಮೊದಲು, ಆಮೇಲೆ ಕೊಡದಿಂದ ಸುರಿದಂಥ ಮಳೆ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎನ್ನುವ ಸೀಮೆ ನಮ್ಮದು. ಓಣಿಯ ಜನ ಹೊರಗೆ ಬಂದು ನೆನೆಯುತ್ತ ನಿಂತಿದ್ದರು. ಪೈಲಟ್ ಸಾಹೇಬರೂ ನಮ್ಮವರೂ ಗೋಣಿಚೀಲ ತಲೆಗೆ ಹಾಕಿಕೊಂಡು ಹೊಲಕ್ಕೆ ಹೋಗಿ ಎಂಜಿನ್ನಿಗೆ ತಾಡಪತ್ರಿ ಕಟ್ಟಿ ಬಂದರು. ಬರುವಾಗ ಇಬ್ಬರ ಕಾಲಿಗೂ ಮೊಳಕಾಲವರೆಗೆ ಮಣ್ಣು ಅಂಟಿತ್ತು, ಚಪ್ಪಲಿಗಳು ಕೈಯಲ್ಲಿದ್ದವು.

ಮರುದಿನ ಬೆಳಿಗ್ಗೆ ಹುನಗುಂದದ ಮೊದಲ ಬಸ್ಸಿನಲ್ಲಿ ಅಣ್ಣನನ್ನು ಕರೆತಂದರು. ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ವೈನಿ ಬಂದಿದ್ದಳು. ವೈನಿ ಎಂದರೆ ಅಣ್ಣನ ಹೆಂಡತಿ. ಎರಡು ದಿನದಿಂದ ಹೊಟ್ಟೆನೋವು, ವಾಂತಿ. ಅಲ್ಲಿಯ ಡಾಕ್ಟರರು ಬಾಗಲಕೋಟೆಗೆ ಒಯ್ಯಿರಿ ಎಂದಿದ್ದರು. ಅಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ನಗಲು ಹೋದ, ಆಗಲಿಲ್ಲ.

ದವಾಖಾನೆಯ ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ ನಮ್ಮವರನ್ನು ಹೊರಗೆ ಕರೆದರು. ನಾನೂ ಹಿಂದೆ ಹೋದೆ.

“ಕರುಳಿಗೆ ಗಂಟು ಬಿದ್ದದ. ಕೊಯ್ದು ಬಿಡಿಸಬೇಕು. ಇಲ್ಲಿ ಅದು ಆಗಾಂಗಿಲ್ಲ,” ಎಂದರು. “ಹುಬ್ಬಳ್ಳಿಗರೆ ಒಯ್ಯರಿ, ಬೆಳಗಾವಿಗರೆ ಒಯ್ಯರಿ. ಆದ್ರ ಇವತ್ತ ಮುಟ್ಟಬೇಕು. ಬಾಯಿಗೆ ಹನಿ ನೀರೂ ಹಾಕಬ್ಯಾಡ್ರಿ.”

ಹುಬ್ಬಳ್ಳಿಗೆ ಹೋಗುವ ಬೆಳಗಿನ ರೈಲುಗಾಡಿ ಆಗಲೇ ಹೋಗಿತ್ತು. ಇನ್ನೊಂದು ಸಂಜೆಗೆ. ನಮ್ಮವರು ಮೋಟಾರು ಸಿಗುತ್ತದೆಯೇ ಎಂದು ಪೇಟೆಗೆ ಓಡಿದರು. ಮೋಟಾರಿನ ಮಾಲೀಕರು ಇಲ್ಲವೆನ್ನಲಿಲ್ಲ. ಆದರೆ ಮಳೆಗೆ ಹಳ್ಳಗಳು ಬಂದಿದ್ದವು, ಬೆಳಗಾವಿ ರಸ್ತೆಯಲ್ಲೂ ಬಾದಾಮಿ ರಸ್ತೆಯಲ್ಲೂ ಬಸ್ಸುಗಳು ಈಚೆ ದಂಡೆಗೆ ನಿಂತಿದ್ದವು. ನೀರು ಯಾವಾಗ ಇಳಿಯುತ್ತದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಉಳಿದದ್ದು ವಿಮಾನ. ಬೆಳಗಾವಿ ಅದಕ್ಕೆ ತಾಸಿನ ದಾರಿಯೂ ಅಲ್ಲ. ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು, ಒಂದು ಮೋಡ ಇರಲಿಲ್ಲ.

ಅಣ್ಣನನ್ನು ಎತ್ತಿನ ಚಕ್ಕಡಿಯಲ್ಲಿ ಜೋಳದ ದಂಟಿನ ಕಣಿಕೆಯ ಮೇಲೆ ಗಾದಿ ಹಾಸಿ ಮಲಗಿಸಿ ಹೊಲಕ್ಕೆ ಒಯ್ದೆವು. ವಿಮಾನದ ಗಾಲಿಗಳು ಅರ್ಧದಷ್ಟು ಮಣ್ಣಿನಲ್ಲಿ ಹುಗಿದಿದ್ದವು. ಪೈಲಟ್ ಸಾಹೇಬರು ಅಣ್ಣನ ಹತ್ತಿರ ಬಂದು ಹಣೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಹೊಲದ ಉದ್ದಕ್ಕೂ ನಡೆದುಹೋದರು. ಅಲ್ಲಲ್ಲಿ ನಿಂತು ಹಿಮ್ಮಡಿಯಿಂದ ನೆಲ ಒತ್ತುವುದು ಕಾಣುತ್ತಿತ್ತು. ತಿರುಗಿ ಬಂದು ನಮ್ಮವರಿಗೆ ಹೇಳಿದ್ದನ್ನು ನಮ್ಮವರು ನಮಗೆ ಹೇಳಿದರು. ಗಾಲಿಯನ್ನು ಎಳೆದು ಹೊರಗೆ ತೆಗೆಯಬಹುದು. ಆದರೆ ಮೇಲೇಳುವಷ್ಟು ವೇಗ ಈ ಮಣ್ಣಿನಲ್ಲಿ ಬರುವುದಿಲ್ಲ. ಮಧ್ಯಾಹ್ನದವರೆಗೆ ಬಿಸಿಲು ಬಿದ್ದರೆ ನೋಡೋಣ.

ಗೌಡರು ಎರಡು ಜೊತೆ ಎತ್ತು ಹೂಡಿದರು. ಗಾಲಿಯ ಸುತ್ತ ಅಗೆದು ಹಲಗೆ ತುರುಕಿದರು, ಹಲಗೆಯ ಮುಂದೆ ಕಣಿಕೆ ಹಾಸಿದರು. ಶಾಲೆಯ ಮಾಸ್ತರರು ಬಂದರು, ಪೇಟೆಯಿಂದ ಹಮಾಲರು ಬಂದರು, ದಾರಿಹೋಕರೂ ಅಂಗಿ ತೆಗೆದಿಟ್ಟು ಕೈ ಹಚ್ಚಿದರು. ಹಗ್ಗ ಎಲ್ಲಿಗೆ ಕಟ್ಟಬೇಕೆಂಬುದೇ ಮೊದಲು ತಿಳಿಯಲಿಲ್ಲ. ಎಲ್ಲಿ ಕಟ್ಟಿದರೂ ಅದು ಕಟ್ಟಿಗೆ ಮತ್ತು ಬಟ್ಟೆ, ಎಳೆದರೆ ಕಿತ್ತುಬರುವಂಥದ್ದು. ಕಡೆಗೆ ಗಾಲಿಯ ಕಾಲಿಗೇ ಕಟ್ಟಿದರು. ವಿಮಾನ ಮೇಲೆ ಬಂತು. ಜನ ಹೋ ಎಂದರು. ಹಲಗೆ ದಾಟಿದೊಡನೆ ಮತ್ತೆ ಹುಗಿಯಿತು. ಎರೆ ಮಣ್ಣು ಗಾಲಿಗೆ ಸುತ್ತಿಕೊಂಡು ಬೀಸುವ ಕಲ್ಲಿನಷ್ಟು ದಪ್ಪಗಾಗುತ್ತಿತ್ತು. ಅದನ್ನು ಕಳೆ ತೆಗೆಯುವ ಕುರ್ಚಿಗಿಯಿಂದ ಕೆರೆದು ತೆಗೆಯುವುದು, ಮತ್ತೆ ಎಳೆಯುವುದು.

ನಾವು ಬೇವಿನ ನೆರಳಿನಲ್ಲಿ ಚಕ್ಕಡಿಯ ಹತ್ತಿರ ಕೂತಿದ್ದೆವು. ಅಣ್ಣ ನೀರು ಕೇಳುತ್ತಿದ್ದ. ವೈನಿ ಒದ್ದೆ ಅರಿವೆಯಿಂದ ಅವನ ತುಟಿ ಒರಸುತ್ತಿದ್ದಳು. ಅವನು ಅರಿವೆಯನ್ನು ಹಲ್ಲಿನಿಂದ ಹಿಡಿಯಲು ನೋಡಿದಾಗ ಬಿಡಿಸಿಕೊಳ್ಳುತ್ತಿದ್ದಳು. ನನಗೆ ಮಾಡಲು ಏನೂ ಇರಲಿಲ್ಲ. ನೆರಳು ಸರಿದ ಹಾಗೆ ಚಕ್ಕಡಿ ಸರಿಸಿರಿ ಎಂದು ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ನೆಲ ಒಣಗಲೆಂದು ಬಿಸಿಲನ್ನು ಬೇಡುವುದು, ಅದೇ ಬಿಸಿಲು ಅಣ್ಣನ ಮೇಲೆ ಬೀಳದಿರಲೆಂದು ಸೆರಗು ಹಿಡಿಯುವುದು.

ಸೂರ್ಯ ನೆತ್ತಿಗೆ ಬಂದು ಸ್ವಲ್ಪ ಇಳಿದಾಗ ವಿಮಾನವನ್ನು ಹೊಲದ ತುದಿಯ ಎತ್ತರದ ಜಾಗಕ್ಕೆ ತಂದಿದ್ದರು. ಮೇಲ್ಮಣ್ಣು ಕೊಂಚ ಬಿರುಸಾಗಿತ್ತು. ಪೈಲಟ್ ಸಾಹೇಬರು ಒಳಗಿನ ಸೀರೆ ಗಂಟುಗಳನ್ನೆಲ್ಲ ಇಳಿಸಿದರು, ಕುರ್ಚಿಗಳನ್ನು ಬಿಚ್ಚಿ ಹೊರಗಿಟ್ಟರು, ಬೆಳಗಾವಿಗೆ ಸಾಕಾಗುವಷ್ಟು ಪೆಟ್ರೋಲು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿದರು. ಮೊದಲು ಬರೀ ವಿಮಾನ ಓಡಿಸಿ ನೋಡುತ್ತೇನೆ, ನೆಲ ಬಿಟ್ಟರೆ ಒಂದು ಸುತ್ತು ಹಾಕಿ ಇಳಿದು ರೋಗಿಯನ್ನು ಹತ್ತಿಸಿಕೊಳ್ಳುತ್ತೇನೆ ಎಂದರು. ಖಾಲಿ ವಿಮಾನ ಏಳದಿದ್ದರೆ ಮನುಷ್ಯನನ್ನು ಹಾಕಿಕೊಂಡು ಏಳುವ ಮಾತೇ ಇಲ್ಲ.

ಎಂಜಿನ್ನುಗಳು ಶುರುವಾದವು. ಎತ್ತುಗಳು ಹಗ್ಗ ಹರಿದುಕೊಂಡು ಓಡಿದವು. ವಿಮಾನ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನಮ್ಮ ಮುಂದೆ ಹಾದುಹೋಯಿತು. ಹಿಂದಿನ ಬಾಲ ನೆಲದಿಂದ ಎದ್ದದ್ದನ್ನು ನಾನು ನೋಡಿದೆ. ಅಣ್ಣ ಮೊಳಕೈ ಊರಿ ಎದ್ದು ನೋಡುತ್ತಿದ್ದ. “ಎದ್ದಿತೇನು?” ಎಂದು ಕೇಳಿದ. ಗಾಲಿಗಳಿಂದ ಮಣ್ಣಿನ ಹೆಂಟೆಗಳು ಹಾರುತ್ತಿದ್ದವು. ಹೊಲದ ಕೊನೆಗೆ ಒಂದು ಬದು ಇತ್ತು, ಅದು ಹತ್ತಿರವಾಗುತ್ತಿತ್ತು. ಪೈಲಟ್ ಎಂಜಿನ್ ಇಳಿಸಿದರು. ಸದ್ದು ತಟ್ಟನೆ ತಗ್ಗಿತು. ವಿಮಾನ ಓಡುತ್ತಲೇ ಹೋಗಿ, ಎಡಗಾಲಿ ಯಾವುದೋ ಹಳೆಯ ಚಕ್ಕಡಿ ಜಾಡಿಗೆ ಬಿದ್ದು, ಒಂದು ಕಡೆಗೆ ವಾಲಿ, ಕೆಳಗಿನ ರೆಕ್ಕೆಯ ತುದಿ ನೆಲಕ್ಕೆ ಗೀರಿ ನಿಂತಿತು. ಕಟ್ಟಿಗೆ ಮುರಿದ ಸದ್ದು ನಮಗೆ ಬೇವಿನ ಗಿಡದವರೆಗೆ ಕೇಳಿತು.

ಎಲ್ಲರೂ ಆ ಕಡೆ ಓಡಿದರು. ಪೈಲಟ್ ಸಾಹೇಬರು ಇಳಿದು ಬಂದರು. ಹಣೆಗೆ ಪೆಟ್ಟು ಬಿದ್ದು ರಕ್ತ ಇಳಿಯುತ್ತಿತ್ತು. ಅದನ್ನು ಒರಸಿಕೊಳ್ಳದೆ ಗಾಲಿ ನೋಡಿದರು, ರೆಕ್ಕೆ ನೋಡಿದರು, ಮತ್ತೆ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಇನ್ನೊಂದು ಸಲ ಎಳೆದು ನೋಡೋಣ, ಹಗ್ಗ ತರಿಸುತ್ತೇನೆ ಎಂದು ನಮ್ಮವರು ಅನ್ನುತ್ತಲೇ ಇದ್ದರು. ಅವರ ದನಿ ನನಗೆ ಗುರುತು ಸಿಗದಂತಾಗಿತ್ತು. ಶಾಲೆಯ ಮಾಸ್ತರರು ಅವರ ಭುಜ ಹಿಡಿದುಕೊಂಡಿದ್ದರು.

ಅಣ್ಣ ನನ್ನನ್ನು ಹತ್ತಿರ ಕರೆದ. “ಮಾಸ್ತರಿಗೆ ಸಾಕು ಅಂತ ಹೇಳವಾ,” ಎಂದ. “ಅವರು ಅಷ್ಟು ಒದರೂದು ನನಗ ನೋಡಾಕಾಗವಲ್ದು. ಆ ಸಾಹೇಬಗ ತಲಿಗೆ ಹತ್ತೇದ, ಅದಕ್ಕರೆ ಏನಾರ ಕಟ್ಟರಿ.”

ನಾನು ಹೋಗಿ ಹೇಳಿದೆ. ನಮ್ಮವರು ತಮ್ಮ ಹೆಗಲ ಮೇಲಿನ ಅರಿವೆ ಹರಿದು ಸಾಹೇಬರ ಹಣೆಗೆ ಕಟ್ಟಿದರು.

ಸಂಜೆಯ ಗಾಡಿಗೆ ನಿಲ್ದಾಣಕ್ಕೆ ಹೋದೆವು. ಪೈಲಟ್ ಸಾಹೇಬರು ವಿಮಾನದಿಂದ ಬಿಚ್ಚಿಟ್ಟ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು, ಮೂರನೆಯ ದರ್ಜೆಯ ಡಬ್ಬಿಯ ನೆಲದ ಮೇಲೆ ಸಾಲಾಗಿ ಹಾಸಿ ಅಣ್ಣನನ್ನು ಮಲಗಿಸಿದರು. ಬಾಗಿಲಲ್ಲಿ ನಿಂತವರು ಗಾಡಿ ಚಲಿಸಿದ ಮೇಲೆಯೇ ಇಳಿದರು. ಅಣ್ಣ, ವೈನಿ, ನಮ್ಮವರು, ನಾನು ಹೊರಟೆವು.

ಬಾದಾಮಿ ಬಂದಾಗ ಇನ್ನೂ ಬೆಳಕಿತ್ತು. ನಿಲ್ದಾಣದಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಸಣ್ಣ ಗಡಿಗೆಗಳಲ್ಲಿ ಮೊಸರು ಮಾರಲು ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದರು. ಮೊಸರಿನ ಕೂಗು ಕೇಳಿ ಅಣ್ಣ ಕಣ್ಣು ತೆರೆದ. ನೋವು ಕಡಿಮೆಯಾಗಿದೆ ಎಂದ. ನಮಗೆ ಜೀವ ಬಂದ ಹಾಗಾಯಿತು. ನೋವು ಹಾಗೆ ನಿಲ್ಲುವುದು ಒಳ್ಳೆಯದಲ್ಲ ಎಂದು ನಮಗೆ ಯಾರು ಹೇಳಬೇಕು? “ಒಂದು ಗುಟುಕು ಮೊಸರು ಕೊಡ,” ಎಂದು ವೈನಿಯನ್ನು ಕೇಳಿದ. ವೈನಿ ನನ್ನ ಮುಖ ನೋಡಿದಳು, ನಾನು ನಮ್ಮವರ ಮುಖ ನೋಡಿದೆ. ಡಾಕ್ಟರರು ಹನಿ ನೀರೂ ಬೇಡ ಎಂದಿದ್ದಾರೆ, ನಾಳೆ ಬೇಕಾದಷ್ಟು ಕುಡಿಯುವಿಯಂತೆ ಎಂದು ವೈನಿ ಅವನಿಗೆ ಹೇಳಿದಳು. ಅವನು ಹೂಂ ಎಂದು ಗೋಡೆಯ ಕಡೆಗೆ ಹೊರಳಿದ. ಮೊಸರಿನವಳು ಮುಂದಿನ ಕಿಟಕಿಗೆ ಹೋದಳು.

ಹೊಳೆಆಲೂರಿನ ಸೇತುವೆಯ ಮೇಲೆ ಗಾಡಿ ಹೋಗುವಾಗ ಸದ್ದು ಬದಲಾಗುತ್ತದೆ. ಆ ಸದ್ದಿಗೆ ವೈನಿ ಬಗ್ಗಿ ನೋಡಿದಳು. ಅಣ್ಣ ಉಸಿರಾಡುತ್ತಿರಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿಸಿಕೊಂಡೆವು. ಸ್ಟೇಷನ್ ಮಾಸ್ತರರು ಒಳ್ಳೆಯವರು. ತಮ್ಮ ಮನೆಯಿಂದ ಕಂಬಳಿ ತರಿಸಿ ಹೊದಿಸಿದರು. ಬೆಳಗಾದ ಮೇಲೆ ಅರಳೆ ಒಯ್ಯುವ ಲಾರಿಯೊಂದನ್ನು ನಮ್ಮವರು ಗೊತ್ತುಮಾಡಿದರು. ಲಾರಿ ಬಾದಾಮಿಯ ಮೇಲೆ ಹಾದು ಹುನಗುಂದದ ಕಡೆಗೆ ಹೋಯಿತು. ಹಳ್ಳಗಳು ಇಳಿದಿದ್ದವು. ನಿನ್ನೆ ಬಸ್ಸುಗಳು ನಿಂತಿದ್ದಲ್ಲಿ ಮೊಳಕಾಲುದ್ದ ನೀರೂ ಇರಲಿಲ್ಲ. ಲಾರಿ ನಿಲ್ಲದೆ ದಾಟಿತು. ಡ್ರೈವರನು ಪಾಪ, ತನಗೆ ತಿಳಿದ ಸಮಾಧಾನ ಹೇಳುತ್ತಿದ್ದ. ಮಳೆ ಚೆನ್ನಾಗಿ ಆಗಿದೆ, ಈ ವರ್ಷ ಪೀಕಿಗೆ ತೊಂದರೆಯಿಲ್ಲ ಎಂದ.

ಕ್ರಿಯಾಕರ್ಮ ಮುಗಿಸಿ ನಾವು ಬಾಗಲಕೋಟೆಗೆ ತಿರುಗಿ ಬಂದಾಗ ವಿಮಾನ ವಾಲಿದ ಹಾಗೇ ನಿಂತಿತ್ತು, ಪೈಲಟ್ ಸಾಹೇಬರು ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಕಂಪನಿ ಅವರಿಗೆ ವಿಮಾನ ಬಿಟ್ಟು ಬರಬೇಡ ಎಂದು ತಾರು ಕೊಟ್ಟಿತ್ತು. ಆಮೇಲೆ ಬೆಳಗಾವಿಯಿಂದ ಮಿಸ್ತ್ರಿಯೊಬ್ಬರು ಬಂದು ನೋಡಿದರು. ಗಾಲಿಯ ಕಾಲು ಮುರಿದಿದೆ, ಹೊಸದು ವಿಲಾಯತಿಯಿಂದ ಬರಬೇಕು, ಅದು ಬರುವವರೆಗೆ ಏನೂ ಮಾಡುವಂತಿಲ್ಲ ಎಂದು ಹೋದರು. ಮುಂಗಾರು ಹಿಡಿಯಿತು. ಗೌಡರು ಸಂಕೋಚದಿಂದಲೇ ಬಂದು, ಹೊಲ ಬಿತ್ತದೆ ಬಿಡಲಾಗುವುದಿಲ್ಲ ಎಂದರು. ವಿಮಾನದ ಸುತ್ತ ಒಂದು ಅಂಕಣದಷ್ಟು ಬಿಟ್ಟು ಹೆಸರುಕಾಳು ಬಿತ್ತಿದರು. ಹೆಸರು ಕಾಯಿ ಬಿಟ್ಟಿತು, ಕೊಯ್ಲೂ ಆಯಿತು. ವಿಮಾನ ಅಲ್ಲೇ ಇತ್ತು.

ಪೈಲಟ್ ಸಾಹೇಬರು ಮಳೆ ನಿಂತಾಗಲೆಲ್ಲ ಹೊಲಕ್ಕೆ ಹೋಗಿ ಎಂಜಿನ್ನಿನ ಪಂಖಗಳನ್ನು ಕೈಯಿಂದ ತಿರುಗಿಸಿ, ಹರಿದ ರೆಕ್ಕೆಗೆ ತಾಡಪತ್ರಿ ಕಟ್ಟಿ ಬರುತ್ತಿದ್ದರು. ಬಟ್ಟೆ ಉಬ್ಬಿತು. ಕಟ್ಟಿಗೆಯ ಸಂದುಗಳನ್ನು ಅಂಟಿಸಿದ್ದ ಸರಸು ಬಿಟ್ಟಿತು. ಬಾಲದ ಹತ್ತಿರ ಗೆದ್ದಲು ಹತ್ತಿತು. ಸಾಹೇಬರು ದಿನವೂ ಗೆದ್ದಲಿನ ಮಣ್ಣು ಕೆರೆದು ಸೀಮೆಎಣ್ಣೆ ಹಾಕುತ್ತಿದ್ದರು, ಮರುದಿನ ಬೇರೊಂದು ಕಡೆ ಹತ್ತುತ್ತಿತ್ತು. ನಮ್ಮವರು ಬೆಳಗಾವಿಗೆ ಬರೆಯುವುದು, ಅಲ್ಲಿಂದ ಸ್ವಲ್ಪ ತಡೆಯಿರಿ ಎಂದು ಬರುವುದು. ಕ್ರಮೇಣ ಅದೂ ನಿಂತಿತು. ಒಮ್ಮೆ ಮಾಲೀಕರೇ ಬಂದರು. ಕೊಡೆ ಹಿಡಿದು ಬದುವಿನ ಮೇಲೆಯೇ ನಿಂತು ನೋಡಿದರು, ಹೊಲದೊಳಗೆ ಇಳಿಯಲಿಲ್ಲ. ಉಳಿದೆರಡು ವಿಮಾನಗಳನ್ನು ಆಸಾಮಿನ ಕಡೆಯ ಚಹಾ ತೋಟದವರಿಗೆ ಮಾರುತ್ತಿದ್ದೇನೆ, ಇದನ್ನು ಯಾರೂ ಕೇಳುವುದಿಲ್ಲ ಎಂದರು. ನಮ್ಮ ಮನೆಯಲ್ಲಿ ಕೊಟ್ಟ ಚಹಾ ಆರಿಹೋದರೂ ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಬೈಯಬೇಕೆಂದು ಕಾದಿದ್ದ ಅತ್ತೆಯವರು ಅದನ್ನು ನೋಡಿ ಬೇರೆ ಬಿಸಿ ಚಹಾ ತಂದಿಟ್ಟರು.

ಅತ್ತೆಯವರು ಆ ಮಳೆಗಾಲದಲ್ಲಿ ಬದಲಾದರು. ಒಂದು ದಿನ ಜೋರು ಮಳೆ. ಕಟ್ಟೆಯ ಮೇಲೆ ಇರಚಲು ಹೊಡೆಯುತ್ತಿತ್ತು. ಸಾಹೇಬರು ಎಲೆಯ ಮೇಲೆ ಬಗ್ಗಿ ಬೆನ್ನಿನಿಂದ ಮಳೆ ತಡೆದುಕೊಂಡು ಉಣ್ಣುತ್ತಿದ್ದರು. ಅತ್ತೆ ಒಳಗಿನಿಂದ, “ಅವನ್ನ ಒಳಗ ಕರಿಯ. ಅಲ್ಲಿ ಎಷ್ಟಂತ ತೊಯ್ಸಕೋತಾನ,” ಎಂದರು. ಅಂದಿನಿಂದ ಅವರು ಪಡಸಾಲೆಯಲ್ಲಿ ಉಂಡರು.

ಸಾಹೇಬರಿಗೆ ಹುನಗುಂದಕ್ಕೆ ಹೋಗಿ ವೈನಿಯನ್ನು ನೋಡಬೇಕಾಗಿತ್ತು. ನಮ್ಮವರು ಮುಂದೂಡುತ್ತಲೇ ಬಂದಿದ್ದರು. ಕಡೆಗೊಂದು ದಿನ ಮೂವರೂ ಹೋದೆವು. ವೈನಿ ಹೊರಗಿನ ಕೋಣೆಗೆ ಬಂದು ಗೋಡೆಗೆ ಒರಗಿ ಕೂತಳು. ಸಾಹೇಬರು ನಮ್ಮವರ ಕಡೆ ನೋಡಿದರು. ವೈನಿಯೇ ಮೊದಲು ಮಾತಾಡಿದಳು.

“ನೀವು ಮಾಡೂದು ಮಾಡಿದ್ರಿ. ಆ ಮಂದಿನೂ ಮಾಡಿದ್ರು. ನಾ ಅವತ್ತ ಎಲ್ಲಾರನ್ನೂ ನೋಡಕೋತ ಕೂತಿದ್ದೆ,” ಎಂದಳು. “ಆಗೂದಿರಲಿಲ್ಲ, ಆಗಲಿಲ್ಲ. ಮೊಸರೊಂದು ಕೊಡಬೇಕಾಗಿತ್ತು.”

ನಮ್ಮವರು ಮೊದಲಿನ ಮಾತುಗಳನ್ನು ಹಿಂದಿಯಲ್ಲಿ ಹೇಳಿದರು. ಕೊನೆಯದನ್ನು ಹೇಳಲಿಲ್ಲ. ವೈನಿ ಒಳಗೆ ಹೋಗಿ ಅವಲಕ್ಕಿ ತಂದುಕೊಟ್ಟಳು. ಅವಳು ಮುಂದಿನ ವರ್ಷ ಮಾಸ್ತರಿಕೆಯ ಟ್ರೇನಿಂಗಿಗೆ ಸೇರಿ, ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿದಳು. ನಮ್ಮ ನಡುವೆ ಆ ದಿನದ ಮಾತು ಮತ್ತೆಂದೂ ಬರಲಿಲ್ಲ.

ದೀಪಾವಳಿಯ ಮೊದಲು ಕಂಪನಿಯ ಕಡೆಯಿಂದ ಜನ ಬಂದು ವಿಮಾನವನ್ನು ಬಿಚ್ಚಿದರು. ಹೊಲದಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ರೆಕ್ಕೆಗಳನ್ನು ಬೇರೆ, ಎಂಜಿನ್ನುಗಳನ್ನು ಬೇರೆ ಮಾಡಿ ಚಕ್ಕಡಿಗಳಲ್ಲಿ ನಿಲ್ದಾಣಕ್ಕೆ ತಂದು ಗೂಡ್ಸ್ ಗಾಡಿಯ ತೆರೆದ ಡಬ್ಬಿಗಳಲ್ಲಿ ಏರಿಸಿದರು. ಎಂಜಿನ್ನು ಯಾರಿಗಾದರೂ ಉಪಯೋಗಕ್ಕೆ ಬರಬಹುದು, ಉಳಿದದ್ದು ಕಟ್ಟಿಗೆಯ ಲೆಕ್ಕಕ್ಕೆ ಎಂದು ಬಂದವರು ಹೇಳುತ್ತಿದ್ದರು. ಸಾಹೇಬರೂ ಅದೇ ಗಾಡಿಯಲ್ಲಿ ಗಾರ್ಡಿನ ಡಬ್ಬಿಯಲ್ಲಿ ಹೊರಟರು. ಬೆಳಗಾವಿಯಲ್ಲಿ ಸಾಮಾನು ಒಪ್ಪಿಸಿ ತಾಯಿಯ ಶಿಬಿರಕ್ಕೆ ಹೋಗುವವರಿದ್ದರು. ಆಮೇಲೆ ಎಲ್ಲಿ ಎಂದು ಅವರಿಗೂ ತಿಳಿದಿರಲಿಲ್ಲ. ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಅವರ ಕೈಯಲ್ಲಿತ್ತು. ಅವರಿಂದ ನಮಗೆ ಮುಂದೆ ಯಾವ ಸುದ್ದಿಯೂ ಬರಲಿಲ್ಲ.

ಗಾಡಿ ಕಣ್ಣಿಗೆ ಮರೆಯಾಗುವವರೆಗೆ ನಮ್ಮವರು ನಿಂತಿದ್ದರು. ಶಾಲೆಯಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಕೆಳಗಿನ ತರಗತಿಗಳಿಗೆ ಒಬ್ಬರು ಬೇಕಾಗಿದ್ದಾರೆ, ಹಬ್ಬ ಮುಗಿಸಿ ಬಂದು ಕಾಣಿರಿ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ಮರುದಿನ ನೀರು ತುಂಬುವ ಹಬ್ಬ. ಮನೆಯಲ್ಲಿ ಎಣ್ಣೆ ಇರಲಿಲ್ಲ, ಸೀಗೆಕಾಯಿ ಇರಲಿಲ್ಲ. ನಾನು ಚೀಲ ತಂದಿದ್ದೆ. ಇಬ್ಬರೂ ನಿಲ್ದಾಣದಿಂದ ಹಾಗೇ ಪೇಟೆಯ ಕಡೆಗೆ ನಡೆದೆವು.